ಕ್ವಾರಿಯ ಗೋಡೆಗಳನ್ನು ಬಿಡಿಸುವ ಮೂಲೆಯಕ್ಕ

“ಹನ್ನೊಂದನೇ ಗೋಡೆಯ ನಾಲ್ಕನೇ ಮೂಲೆ ಎಲ್ಲಿ ಹಾಳಾಗಿ ಹೋಯ್ತು?”

ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ತಗಡು ಹೊದಿಸಿದ ಆಫೀಸಿನಲ್ಲಿ ಬೇರೆ ಯಾರೂ ಇಲ್ಲ. ಬೆಳಗಿನ ಐದೂವರೆ. ಕಿಟಕಿಯಾಚೆ ಕಲ್ಲು ಕ್ವಾರಿಯ ಹೊಂಡದಲ್ಲಿ ಕತ್ತಲು ಇನ್ನೂ ತುಂಬಿಕೊಂಡಿದೆ. ಕನ್ನಡಕ ಹಣೆಗೇರಿಸಿ, ಸರ್ವೆಯವರು ನಿನ್ನೆ ಸಂಜೆ ಅಳೆದು ಕೊಟ್ಟ ಅಂಕಿಗಳನ್ನು ಅಕ್ಕ ರಾಗವಾಗಿ ಓದಿಕೊಳ್ಳುತ್ತಿದ್ದಾರೆ. ಒಂದೊಂದು ಮೂಲೆಗೆ ಒಂದೊಂದು ಸಾಲು. ಸಾಲು ತಪ್ಪಿದರೆ ಕಿವಿಗೇ ಗೊತ್ತಾಗುತ್ತದೆ. ತಪ್ಪಿದ್ದು ಹಾಳೆಯ ಮಡಿಕೆಯಲ್ಲಿ ಸಿಗುತ್ತದೆ. “ಬಾರಪ್ಪಾ ದೊರೆ,” ಎಂದು ಟೈಪ್ ಮಾಡುತ್ತಾರೆ.

ಕ್ವಾರಿಗೆಲ್ಲ ಅವರು ಮೂಲೆಯಕ್ಕ. ಪ್ರತಿ ಮೂಲೆಗೆ ಮೂರು ಅಂಕಿ: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಆಳಕ್ಕೆ ಎಷ್ಟು. ಇವನ್ನು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಒಂದು ಫಂಕ್ಷನ್ನಿಗೆ ಕೊಟ್ಟರೆ ಅದು ಮೂಲೆಗೆ ಮೂಲೆ ಜೋಡಿಸಿ, ನಡುವೆ ಬಣ್ಣ ತುಂಬಿ, ಪರದೆಯ ಮೇಲೆ ಗೋಡೆ ನಿಲ್ಲಿಸುತ್ತದೆ. ದಿನಕ್ಕೆ ನಲವತ್ತೆರಡು ಗೋಡೆ, ನೂರೆಪ್ಪತ್ತು ಚಿಲ್ಲರೆ ಮೂಲೆ. ಆರೂವರೆಯೊಳಗೆ ಚಿತ್ರ ಗೇಟಿನ ಬೋರ್ಡಿಗೆ ಅಂಟಬೇಕು. ಯಾವ ಗೋಡೆ ನೆಟ್ಟಗಿದೆ, ಯಾವುದು ಹೊರಕ್ಕೆ ಬಾಗಿದೆ ಎಂದು ಅದನ್ನು ನೋಡಿಯೇ ಕೆಲಸಗಾರರು ಕೆಳಗಿಳಿಯುತ್ತಾರೆ.

“ಮೂಲೆಗಳನ್ನ ಸುತ್ತು ಹಾಕಿದ ಹಾಗೆ ಒಂದರ ಪಕ್ಕ ಒಂದು ಕೊಡ್ಬೇಕು,” ಎನ್ನುತ್ತಾರೆ ಅಕ್ಕ. “ನಡುವೆ ಹಾರಿದ್ರೆ ಗೋಡೆ ಹಿಂಡಿದ ಬಟ್ಟೆ ಥರ ತಿರುಚ್ಕೊಳ್ಳುತ್ತೆ. ಅದಕ್ಕೇನು ಗೊತ್ತು ಪಾಪ, ಕೊಟ್ಟಿದ್ದನ್ನ ಬಿಡಿಸುತ್ತೆ.”

ಹನ್ನೆರಡು ವರ್ಷ ಅವರು ಇದೇ ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಂಡವರು. ಕಲ್ಲಿನ ದೂಳು ಎದೆಗಿಳಿದು ಕೆಮ್ಮು ಬಿಡದಾದಾಗ ಒಳಗೆ ಕೂರಿಸಿದರು. ಕಲಿಸಿದ್ದು ಒಬ್ಬ ಮುದಿ ಸರ್ವೆ ಮಾಸ್ತರರು, ಎರಡೇ ವಾರ. ಮೊದಲ ದಿನ ಅಕ್ಕ ಆಳದ ಅಂಕಿಗಳಿಗೆ ಮೈನಸ್ ಹಾಕಲು ಮರೆತರು. ಹೊಂಡ ಹೋಗಿ ಗುಡ್ಡವಾಯಿತು!

“‘ಅಕ್ಕಾ, ಇವತ್ತು ಇಳಿಯೋದಾ, ಹತ್ತೋದಾ’ ಅಂತ ಎಲ್ರೂ ಬೋರ್ಡಿನ ಮುಂದೆ ನಕ್ಕಿದ್ದೇ ನಕ್ಕಿದ್ದು. ಎರಡು ದಿನ ಆ ಕಡೆ ತಲೆ ಹಾಕ್ಲಿಲ್ಲ ನಾನು.”

ಈಗ ಯಾರೂ ನಗುತ್ತಿಲ್ಲ. ಉತ್ತರದ ಗೋಡೆಯ ತಲೆ ಒಂದೂವರೆ ಮೀಟರ್ ಹೊರಕ್ಕೆ ಬಾಗಿದೆ. ಮೂರು ದಿನದಿಂದ ಅಕ್ಕ ಅದಕ್ಕೆ ಕೆಂಪು ಬಣ್ಣ ತುಂಬುತ್ತಿದ್ದಾರೆ. ಮ್ಯಾನೇಜರು “ನೋಡೋಣ” ಎನ್ನುತ್ತಲೇ ಇದ್ದಾರೆ. ಇವತ್ತು ಸುರಕ್ಷತೆಯ ಅಧಿಕಾರಿಗಳು ಬರುತ್ತಾರೆ. ಕೆಂಪು ಕಂಡರೆ ಆ ಗೋಡೆ ಸರಿಯಾಗುವ ತನಕ ಅದರಡಿಯ ಕೆಲಸ ಬಂದ್, ಹದಿನೆಂಟು ಜನ ಮನೆಯಲ್ಲಿ. ಅವರಲ್ಲೊಬ್ಬ ಅಕ್ಕನ ಸ್ವಂತ ತಮ್ಮ, ಡ್ರಿಲ್ ಹಿಡಿಯುವವನು.

ಅವನೇ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಒಳಗೆ ಬರುತ್ತಾನೆ.

“ಮ್ಯಾನೇಜರ್ ಕಳಿಸಿದ್ರು.”

“ಯಾಕೆ, ಅವರಿಗೆ ಕಾಲಿಲ್ವಾ?”

“ನಿನ್ನ ಕಂಡ್ರೆ ಹೆದರ್ತಾರೆ. ಅಂಕಿ ಒಂದೂ ಮುಟ್ಟೋದು ಬೇಡವಂತೆ. ಚಿತ್ರಾನ ಒಂಚೂರು ತಿರುಗಿಸಿದ್ರೆ ಸಾಕಂತೆ.”

ಇಂಥ ಚಿತ್ರವನ್ನು ಯಾವ ದಿಕ್ಕಿನಿಂದಲಾದರೂ ನೋಡಬಹುದು. ಅಕ್ಕ ಮೌಸ್ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ದಕ್ಷಿಣದ ಗೋಡೆ ಮುಂದೆ ಬರುತ್ತದೆ, ಕೆಂಪು ಅದರ ಬೆನ್ನಿಗೆ ಅಡಗುತ್ತದೆ. ಕ್ವಾರಿ ಹಾಸಿಗೆ ಮಡಿಚಿಟ್ಟ ಮನೆಯಷ್ಟು ಚೊಕ್ಕಟ.

“ನೋಡು, ಎಷ್ಟು ಸಲೀಸು!” ತಮ್ಮನ ಮುಖ ಅರಳುತ್ತದೆ. “ಸುಳ್ಳೂ ಅಲ್ಲ. ತಿಂಗಳುಗಟ್ಟಲೆ ಮನೇಲಿ ಕೂತ್ರೆ ನನ್ನ ಹೆಂಡ್ತಿ ನನ್ನ ಹುರಿದು ಮುಕ್ತಾಳೆ ಕಣಕ್ಕಾ.”

ಅಕ್ಕ ಚಿತ್ರವನ್ನು ಮತ್ತೆ ಮೊದಲಿನಂತೆ ತಿರುಗಿಸುತ್ತಾರೆ. ಕೆಂಪು ಎದುರಿಗೆ ಬಂದು ನಿಲ್ಲುತ್ತದೆ.

“ನೀನು ನಿಂತು ಡ್ರಿಲ್ ಹಿಡಿಯೋದು ಎಲ್ಲಿ? ತೋರಿಸು.”

ಅವನು ಪರದೆಯ ಮೇಲೆ ಬೆರಳಿಡುತ್ತಾನೆ. ಕೆಂಪಿನ ಬುಡದಲ್ಲೇ. ಇಟ್ಟ ಬೆರಳನ್ನು ತಾನೇ ಸ್ವಲ್ಪ ಹೊತ್ತು ನೋಡುತ್ತಾನೆ.

“ಇವತ್ತೊಂದು ದಿನ ಅಕ್ಕಾ. ಅವರು ಬಂದು ಹೋಗೋವರೆಗೆ ಅಷ್ಟೇ.”

“ಇಲ್ಲ ಕಣೋ. ತಿರುಗಿಸಲ್ಲ. ಹೋಗಿ ಹಾಗೇ ಹೇಳು.”