ಮಳೆ ಡಬ್ಬಿಯ ಚೇತನಾ

ಕಾನಸೂರಿನ ಚೇತನಾ ಕಂಪನಿ ಶುರು ಮಾಡಿದ್ದು ಶಿರಸಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಮಾಲಕಿ, ಇಂಜಿನಿಯರು, ಕಸ ಗುಡಿಸುವವಳು ಮೂರೂ ಅವಳೇ. ಮೂರನೆಯ ಕೆಲಸಕ್ಕೆ ಮಾತ್ರ ಯಾರೂ ಅಭಿನಂದನೆ ಹೇಳಿದ್ದಿಲ್ಲ.

ಅವಳು ಮಾಡಿದ್ದು ಒಂದು ಡಬ್ಬಿ. ಅಂಗಳದ ಕಂಬಕ್ಕೆ ಕಟ್ಟಿದರೆ ಗಾಳಿಯ ತೇವ ನೋಡಿ, ಮಳೆಗೆ ಇಪ್ಪತ್ತು ನಿಮಿಷ ಮೊದಲೇ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಮೇ ತಿಂಗಳಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳದ ಮೇಲೆ ಒಂದು ಮಳೆ ಬಿದ್ದರೆ ಮರುದಿನವೇ ಬೂಷ್ಟು. ಬೆಳಗಿನಿಂದ ಬೇಯಿಸಿ, ಕುಟ್ಟಿ, ಒತ್ತಿದ್ದೆಲ್ಲ ದನದ ಬಾಯಿಗೆ. ಊರಿನ ಮಹಿಳಾ ಸಂಘದ ಹನ್ನೆರಡು ಮನೆಗೆ ಅವಳು ಒಂದು ತಿಂಗಳ ಪರೀಕ್ಷೆಗೆ ಡಬ್ಬಿ ಕೊಟ್ಟಳು. ಕೊನೆಗೆ ಸಂಘ ಬೇಡ ಅಂದರೆ ಕೋಣೆಗೆ ಬೀಗ ಹಾಕಿ, ಹುಬ್ಬಳ್ಳಿಯ ಕಾಲೇಜೊಂದರ ಲ್ಯಾಬ್ ಕೆಲಸಕ್ಕೆ ಸೇರುತ್ತೇನೆಂದು ಮನೆಯಲ್ಲಿ ಒಪ್ಪಿಕೊಂಡಿದ್ದಳು.

ಎರಡು ವಾರದಲ್ಲಿ ಲ್ಯಾಪ್‌ಟಾಪಿನ ಗ್ರಾಫು ನೆಟ್ಟಗೆ ಮೇಲೇರಿತು. ಕಳಿಸಿದ ಸಂದೇಶವನ್ನೆಲ್ಲ ಒಂದೇ ನಿಮಿಷದಲ್ಲಿ ಓದಿದ್ದರು! ಆ ಖುಷಿಯಲ್ಲೇ ಸಂಘದ ಹಿರಿಯಳಾದ ಚೌಡಮ್ಮನ ಮನೆಗೆ ಹೋದಳು.

ಚೌಡಮ್ಮ ಎರಡೂ ಕೈಯಲ್ಲಿ ಹಪ್ಪಳದ ಚಾಪೆ ಹಿಡಿದು ಓಡುತ್ತಿದ್ದಳು. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಚೇತನಾ ಎತ್ತಿದಳು. ಸರ್ಕಲ್ಲಿನ ಚಾ ಅಂಗಡಿಯಿಂದ ಚೌಡಮ್ಮನ ಗಂಡ ಕೆರಿಯ: "ಏ, ಮಳೆ ಬತ್ತದಂತೆ. ಹಪ್ಪಳ ತೆಗಿ."

"ಕೇಳಿದ್ಯಾ?" ಚೌಡಮ್ಮ ಏದುಸಿರಲ್ಲೇ ನಕ್ಕಳು. "ಮೊದಲು ನಂಗೆ ಹೇಳಾಕೆ ಮೋಡ ಒಂದೇ ಇತ್ತು. ಈಗ ಮೋಡ, ಗಂಡ, ಅವನ ಪಕ್ಕ ಕೂತ ಮೈದುನ ಮೂರೂ ಹೇಳ್ತಾವೆ. ಎತ್ತೋಳು ಮಾತ್ರ ಒಬ್ಳೇ."

ಚೇತನಾಳ ಮುಖ ಸಣ್ಣಗಾಯಿತು. ಡಬ್ಬಿ ಕೊಡುವಾಗ ತುಂಬಿಸಿಕೊಂಡ ಅರ್ಜಿಯಲ್ಲಿ 'ಮನೆ ಯಜಮಾನರ ಮೊಬೈಲ್ ನಂಬರ್' ಎಂದು ಬರೆದವಳು ಅವಳೇ. ತನ್ನ ಅಮ್ಮನೂ ಹೀಗೇ ಓಡುತ್ತಿದ್ದುದನ್ನು ನೋಡುತ್ತ ಬೆಳೆದವಳು.

"ನಿಮ್ಮ ನಂಬರ್ ಹಾಕ್ಲಾ, ಚೌಡಕ್ಕ?"

"ನಂಗೆಂತಕ್ಕೆ? ಮೊಣಕಾಲು ನೋಯ್ತು ಅಂದ್ರೆ ಮಳೆ ಬಂತು ಅಂತ್ಲೇ. ನಂಗೆ ಬೇಕಾದ್ದು ಸುದ್ದಿ ಅಲ್ಲ ಮಾರಾಯ್ತಿ, ಕೈ!"

ಮೂರು ದಿನ ಚೇತನಾ ಕೋಣೆಯಿಂದ ಹೊರಗೆ ಬರಲಿಲ್ಲ. ಎಷ್ಟು ಜನ ಓದಿದರು ಎಂದು ಗ್ರಾಫು ಹೇಳುತ್ತಿತ್ತೇ ಹೊರತು, ಎಷ್ಟು ಜನ ಎದ್ದರು ಎಂದಲ್ಲ. ಯಜಮಾನರ ನಂಬರನ್ನು ಹಾಗೇ ಬಿಟ್ಟಳು. ಸಂದೇಶದ ಬದಲು ಕರೆ ಹೋಗುವಂತೆ ಮಾಡಿ, ಕಂಬದ ಮೇಲೆ ಒಂದು ಕೆಂಪು ಗುಂಡಿ ಕೂರಿಸಿದಳು. ಅದನ್ನು ಒತ್ತುವವರೆಗೂ ನಿಮಿಷಕ್ಕೊಮ್ಮೆ ಕರೆ ಬರುತ್ತಲೇ ಇರುತ್ತದೆ. ಫೋನು ಬಂದ್ ಮಾಡಬಹುದಿತ್ತು. ಆದರೆ ಕ್ರಿಕೆಟ್ಟಿನ ತಿಂಗಳಲ್ಲಿ ಯಾವ ಗಂಡಸು ಮಾಡುತ್ತಾನೆ? ಗಂಡಸರು ಬರುವವರೆಗೆ ಗುಂಡಿ ಮುಟ್ಟಬಾರದೆಂದು ಹೆಂಗಸರ ಒಪ್ಪಿಗೆ ಕೇಳಿದಾಗ ಮನೆಮನೆಯಲ್ಲೂ ಒಂದೇ ನಗು.

ಮೊದಲ ಕರೆಗೆ ಕೆರಿಯ ಕ್ಷೌರದ ಕುರ್ಚಿಯಿಂದಲೇ ಎದ್ದು ಬಂದ, ಒಂದು ಕೆನ್ನೆಯಲ್ಲಿ ನೊರೆ. ಗುಂಡಿ ಒತ್ತಿ ತಿರುಗಿದ.

"ಬಂದದ್ದು ಬಂದ್ರಿ, ಆ ಚಾಪೆ ಹಿಡೀರಿ," ಎಂದಳು ಚೌಡಮ್ಮ.

ಹಿಡಿದ. ಹಪ್ಪಳವೆಲ್ಲ ಜಾರಿ ಅವನ ಕಾಲ ಮೇಲೆ ಬಿತ್ತು.

"ಅಯ್ಯೋ, ಓರೆ ಮಾಡ್ಬೇಡಿ! ಮೂವತ್ತು ವರ್ಷ ತಿಂದೀರಿ, ಎತ್ತೋದು ಗೊತ್ತಿಲ್ಲ!"

"ಕಲಿಸಿದ್ರೆ ಗೊತ್ತಾಗ್ತಿತ್ತು."

"ನಂಗ್ಯಾರು ಕಲಿಸಿದ್ರು?"

ನಾಲ್ಕನೆಯ ಮಳೆಯ ಹೊತ್ತಿಗೆ ಕೆರಿಯನ ಚಾಪೆ ನೆಟ್ಟಗಿತ್ತು.

ತಿಂಗಳ ಕೊನೆಯ ಸಭೆಗೆ ಗಂಡಸರೂ ಬಂದು ಬಾಗಿಲಲ್ಲಿ ನಿಂತರು. "ಕರೆನ ಫೋನಲ್ಲೇ ಬಂದ್ ಮಾಡೋ ಹಾಗೆ ಮಾಡಿಕೊಡು, ನಾವೂ ಬೇಡ ಅನ್ನಲ್ಲ," ಎಂದ ಕೆರಿಯ. ಹೂಂ ಅಂದರೆ ಎಲ್ಲ ಮನೆಯೂ ಉಳಿಯಬಹುದು. ಚೇತನಾ ಚೌಡಮ್ಮನ ಮುಖ ನೋಡಿದಳು.

"ಹಾಗೆ ಮಾಡಿದ್ರೆ ಡಬ್ಬಿ ಈಗ್ಲೇ ಬಿಚ್ಚಿಕೊಂಡು ಹೋಗು," ಎಂದಳು ಚೌಡಮ್ಮ.

"ಇಲ್ಲ ಕೆರಿಯಣ್ಣ, ಆಗಲ್ಲ," ಎಂದಳು ಚೇತನಾ.

ಡಬ್ಬಿ ಇರಲಿ ಎಂದು ಒಂಬತ್ತು ಕೈ ಮೇಲೆದ್ದವು. ಇಬ್ಬರು ಜಗಳ ಬೇಡವೆಂದು ಹಿಂದೆ ಸರಿದರು. "ನಮ್ಮನೇಲಿ ಓಡಿ ಬರಾಕೇ ಯಾರಿಲ್ಲ, ಕರೆದು ಎಂತ ಮಾಡ್ಲಿ?" ಎಂದು ಒಬ್ಬಂಟಿ ಗೌರಕ್ಕ ಡಬ್ಬಿ ಹಿಂದೆ ಕೊಟ್ಟಳು. ಆ ಪ್ರಶ್ನೆಯನ್ನು ಚೇತನಾ ಮೊಬೈಲಿನಲ್ಲಿ ಬರೆದಿಟ್ಟುಕೊಂಡಳು.

ಹೊರಗೆ ಬಂದು ಹುಬ್ಬಳ್ಳಿಗೆ ಫೋನು ಮಾಡಿದಳು. ಯಾಕೆ ಬರುವುದಿಲ್ಲ ಎಂದು ಪ್ರಿನ್ಸಿಪಾಲರು ಕೇಳಿದರು.

"ಇಲ್ಲಿ ಒಂಬತ್ತು ಗಂಡಸರಿಗೆ ಕೆಲಸ ಕೊಟ್ಟಿದ್ದೇನೆ, ಸರ್. ಬಿಟ್ಟು ಬರೋ ಹಾಗಿಲ್ಲ."