ಶಹಾಬಾದಿನ ಕೊಡದಲ್ಲಿ ಹಿಮ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಮರ್ಯಾದೆಗೆ ತಲೆಯಾಡಿಸುತ್ತಿದ್ದೆ. ನಂಬುತ್ತಿರಲಿಲ್ಲ. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷದ ಬೇಸಿಗೆ. ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ ಶಹಾಬಾದಿನ ಮನೆಗೆ ಬಂದಿದ್ದೆ. ಸಂಶೋಧನೆಗೆ ಸೇರಬೇಕಾದರೆ ರಜೆ ಮುಗಿದೊಡನೆ ಒಂದು ಉಪನ್ಯಾಸ ಕೊಟ್ಟು ಅಧ್ಯಾಪಕರನ್ನು ಒಪ್ಪಿಸಬೇಕಿತ್ತು. ಹವಾಯಿ ದ್ವೀಪದ ಮೌನಾ ಕೀ ಎಂಬ ಜ್ವಾಲಾಮುಖಿಯ ನೆತ್ತಿಯ ಮೇಲೆ ಹಿಂದೊಮ್ಮೆ ಹಿಮನದಿ ಇತ್ತು ಎಂಬುದಕ್ಕಿರುವ ಸಾಕ್ಷ್ಯವೇ ವಿಷಯ. ಆ ದ್ವೀಪ ಇರುವುದು ನಮ್ಮ ಊರಿಗಿಂತ ತುಸುವೇ ಉತ್ತರದ ಅಕ್ಷಾಂಶದಲ್ಲಿ. ಶಹಾಬಾದಿನ ಮೇ ತಿಂಗಳಲ್ಲಿ ಕುಳಿತು ಅದನ್ನು ಓದುವಾಗ ನನಗೇ ನಂಬಿಕೆ ಬರುತ್ತಿರಲಿಲ್ಲ. ನಂಬದ್ದನ್ನು ಒಪ್ಪಿಸುವುದು ಹೇಗೆ? ನಮ್ಮ ಗುರುಗಳು ಅಲ್ಲಿಂದ ತಂದಿದ್ದ ಕರಿಯ ಲಾವಾ ಕಲ್ಲೊಂದನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದರು. ಹಿಮ ಉಜ್ಜಿ ನುಣುಪಾದ ಅದರ ಒಂದು ಮುಖದ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು. ಅಷ್ಟು ಚೆಂದದ ಕಲ್ಲನ್ನು ನಾನು ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಕಲ್ಲು ಮೇಜಿನ ಮೇಲಿರಲಿಲ್ಲ. ಸೋದರತ್ತೆಯನ್ನು ಕೇಳಿದೆ.

“ಆ ಕರೀ ಗುಂಡೇನವಾ? ಕೊಡದ ಮ್ಯಾಲಿನ ಪರಸಿ ಸರೀಲಿಕತ್ತಿತ್ತು, ಅದರ ಮ್ಯಾಲ ಇಟ್ಟೀನಿ. ಊರ ತುಂಬ ಕಲ್ಲು ಬಿದ್ದಾವ, ನೀ ಧಾರವಾಡದಿಂದ ಇನ್ನೊಂದು ಹೊತ್ಕೊಂಡು ಬಂದಿ, ಶಾಣ್ಯಾಕಿ.”

ನಮ್ಮದು ಕಲ್ಲುಗಣಿಯ ಊರು. ನೆಲಕ್ಕೆ ಹಾಸುವ ಪರಸಿಕಲ್ಲಿನ ಚೂರೇ ಕೊಡಕ್ಕೆ ಮುಚ್ಚಳ, ಯಾವ ಕಲ್ಲನ್ನೂ ಕೆಲಸವಿಲ್ಲದೆ ಬಿಡುವುದಿಲ್ಲ. ನಾನು ಕಲ್ಲನ್ನೆತ್ತಿ, ನೀರು ಕುಡಿಯಲೆಂದು ಪರಸಿಯನ್ನೂ ಸರಿಸಿದೆ. ಮಣ್ಣಿನ ಕೊಡದ ನೀರಿನ ಮೇಲೆ ತೆಳ್ಳಗೆ ಹಿಮ ಕಟ್ಟಿತ್ತು. ಬೆರಳಿಟ್ಟರೆ ಒಡೆಯಿತು. ಒಂದು ಚೂರನ್ನು ಬೆಳಕಿಗೆ ಹಿಡಿದೆ. ಅದರ ಮೇಲೂ ಒಂದೇ ದಿಕ್ಕಿನ ಸಣ್ಣ ಗೀರುಗಳಿದ್ದವು.

ಅತ್ತೆ ಬಂದು ಇಣುಕಿದರು. “ಬರ್ಫ್ ಯಾವಾಗ ತಂದಿ? ನನಗೂ ಒಂದೀಟು ಕೊಡು,” ಎಂದು ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಹಲ್ಲು ಜುಮ್ಮೆಂದು ಮುಖ ಕಿವುಚಿದರು. ನಾನು ತಂದಿರಲಿಲ್ಲ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಕೈಯ ಚೂರು ಕರಗಿ ಮೊಣಕೈವರೆಗೆ ಹರಿಯಿತು.

ಮಣ್ಣಿನ ಕೊಡ ನೀರನ್ನು ತಂಪು ಮಾಡುತ್ತದೆ, ಹೆಪ್ಪುಗಟ್ಟಿಸುವುದಿಲ್ಲ. ರಜೆ ಮುಗಿಯುವತನಕ ಆ ಕಲ್ಲನ್ನು ಅಲ್ಲಿಯೇ ಇಟ್ಟು ನೋಡಿದೆ. ನೀರು ಎಂದಿನ ನೀರಾಗಿಯೇ ಇತ್ತು.

ಧಾರವಾಡದ ಉಪನ್ಯಾಸದಲ್ಲಿ ಗೀರುಗಳ ಬಗ್ಗೆ, ಹಿಮ ಹೊತ್ತು ತಂದು ಸುರಿದ ಕಲ್ಲುಗುಡ್ಡೆಗಳ ಬಗ್ಗೆ ಹೇಳಿದೆ. ಕೊನೆಗೆ ಹಿರಿಯ ಅಧ್ಯಾಪಕರೊಬ್ಬರು, “ಇಷ್ಟೆಲ್ಲ ಓದಿ ಹೇಳಿದ್ರಿ. ಅಲ್ಲಿ ಹಿಮ ಇತ್ತು ಅಂತ ನಿಮಗ ಅನಸ್ತದೇನು?” ಎಂದರು. “ಇತ್ತು ಸರ್,” ಎಂದು ಥಟ್ಟನೆ ಹೇಳಿದೆ. ನನಗೆ ಸೀಟು ಸಿಕ್ಕಿತು.

ಬೆಂಕಿ ಕಾರಿದ ಬೆಟ್ಟವೇ ಹಿಮವನ್ನು ಹೊತ್ತು ನಿಂತಿದ್ದನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ. ಅದಕ್ಕೆ ಬೇಕಾದಷ್ಟು ಸಾಕ್ಷ್ಯ ಕೊಡಬಲ್ಲೆ. ಆದರೆ ಅಂದು ನಾನು ಅಷ್ಟು ಖಚಿತವಾಗಿ ಉತ್ತರಿಸಿದ್ದು ಆ ಸಾಕ್ಷ್ಯಗಳಿಂದಲ್ಲ. ಆ ಕೊಡದಲ್ಲಿ ಕಂಡದ್ದರಿಂದ. ಅದು ಏನೆಂದು ನನಗೆ ಇನ್ನೂ ತಿಳಿದಿಲ್ಲ.