ಮಲ್ಕಪ್ಪ ಕಾಕಾನ ಟವಲು

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪಿಕ್ಚರ್ ಹಾಕಿದರೆ ಮಲ್ಕಪ್ಪ ಕಾಕಾ ಕೂರುತ್ತಲೇ ಇರಲಿಲ್ಲ. ಹೆಗಲ ಮೇಲೆ ಕೆಂಪಂಚಿನ ಟವಲು ಹಾಕಿಕೊಂಡು ಟಿವಿ ಪಕ್ಕದಲ್ಲಿ ನಿಂತಿರುತ್ತಿದ್ದರು. ಹೀರೋ ಹೀರೋಯಿನ್ ಹತ್ತಿರ ಸ್ವಲ್ಪ ಜಾಸ್ತಿ ಸರಿದನೋ, ಅವಳು ಮಳೆಯಲ್ಲಿ ನೆನೆಯೋಕೆ ಶುರು ಮಾಡಿದಳೋ, ಟವಲು ಟಿವಿ ಮೇಲೆ ಬಿತ್ತು ಅಂತಲೇ ತಿಳ್ಕೊಳ್ಳಿ. "ಸಣ್ಣ ಹುಡುಗರು ಕುಂತಾರ್ರಿ" ಅನ್ನೋರು. ಹಾಡು ಮಾತ್ರ ಟವಲಿನ ಹಿಂದಿನಿಂದ ಕೇಳಿಸುತ್ತಿತ್ತು.

"ಕಾಕಾ, ಒಂಚೂರು ಎತ್ತಿ, ಸೀರೆ ಅಂಚು ನೋಡ್ಬೇಕು" ಅಂತ ಪಕ್ಕದ ರೂಮಿನ ಸೆಲ್ವಿ ಅಕ್ಕ ಕಿಚಾಯಿಸೋಳು. ಕಾಕಾ ಜಗ್ಗುತ್ತಿರಲಿಲ್ಲ. ಹಾಡು ಮುಗಿದ ಸರಿಯಾದ ಗಳಿಗೆಗೆ ಟವಲು ವಾಪಸ್ ಹೆಗಲಿಗೆ ಹೋಗುತ್ತಿತ್ತು. ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ. ಯಾಕೆ ತಪ್ಪುತ್ತೆ, ಹಿಂದಿನ ದಿನವೇ ಅವರು ಪೂರ್ತಿ ನೋಡಿರುತ್ತಿದ್ದರಲ್ಲ!

ಅವರು ಯಾದಗಿರಿ ಕಡೆಯವರು. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮರ್ಫಿ ಟೌನಿನ ನಮ್ಮ ವಠಾರದಲ್ಲಿ ಒಂದು ರೂಮು. ಹೆಂಡತಿ ತೀರಿಕೊಂಡಿದ್ದರು, ಜೊತೆಗಿದ್ದದ್ದು ಮಗಳು ಮಾದೇವಿ ಒಬ್ಬಳೇ. ವಠಾರಕ್ಕೆಲ್ಲ ಕಲರ್ ಟಿವಿ, ವಿಸಿಆರ್ ಇದ್ದದ್ದು ನಮ್ಮ ಮನೆಯಲ್ಲಿ. ಯಾವ ಪಿಕ್ಚರ್ ತರಬೇಕು ಅನ್ನೋದು ಮಾತ್ರ ಕಾಕಾನ ಇಲಾಖೆ. ಶನಿವಾರ ಕೆಲಸ ಬಿಟ್ಟವರು ನೆಟ್ಟಗೆ ಹಲಸೂರಿನ ಕ್ಯಾಸೆಟ್ ಅಂಗಡಿಗೆ ಹೋಗಿ, ಅಂಗಡಿಯ ಟಿವಿಯಲ್ಲೇ ಹಾಕಿಸಿಕೊಂಡು, ನಿಂತುಕೊಂಡೇ ಮೂರು ಗಂಟೆ ನೋಡಿ, ಪಾಸಾದರೆ ತರುತ್ತಿದ್ದರು. ಹೊಸ ಪಿಕ್ಚರ್ ಒಂದೂ ಪಾಸಾಗುತ್ತಿರಲಿಲ್ಲ.

"ಹೊಸಾ ಪಿಚ್ಚರಿನ್ಯಾಗ ಮನಿ ಎಲ್ಲಿ ಅದರಿ? ಬರೇ ರೋಡು, ಮಚ್ಚು, ಓಡೋದು. ಹಳೇವು ನೋಡ್ರಿ, ಸಂಸಾರ ಅದ, ಅತ್ತಿ ಸೊಸಿ ಅದಾರ. ಮನಿಮಂದಿ ಕುಂತು ನೋಡಿ ಕಲೀಬಹುದು" ಅನ್ನೋರು. ನಮ್ಮಮ್ಮನಿಗೆ ಅವರ ಮೇಲೆ ಬಲು ನಂಬಿಕೆ. ಕಾಕಾ ತಂದದ್ದು ಅಂದರೆ ಕಣ್ಣು ಮುಚ್ಚಿಕೊಂಡು ಮಕ್ಕಳನ್ನು ಕೂರಿಸಬಹುದು ಅನ್ನೋಳು.

ಅಂಥ ಪಿಕ್ಚರುಗಳಲ್ಲಿ ಗಂಡ ಅನ್ನೋನು ಹೆಂಡತಿಯ ಕೆನ್ನೆಗೆ ಹೊಡೆಯುತ್ತಿದ್ದ. ಹೆಚ್ಚುಕಮ್ಮಿ ಎಲ್ಲದರಲ್ಲೂ. ಅವಳು ಗೋಡೆಗೆ ಒರಗಿ ತಾಳಿ ಕಣ್ಣಿಗೊತ್ತಿಕೊಂಡು ಅಳುತ್ತಿದ್ದಳು. ಆಗ ಟವಲು ಹೆಗಲ ಮೇಲೇ ಇರುತ್ತಿತ್ತು. ನಾವು ಸಣ್ಣ ಹುಡುಗರು ಬಾಯಿ ತುಂಬ ಕಡ್ಲೆಪುರಿ ಹಾಕಿಕೊಂಡು ಅದನ್ನು ಪೂರ್ತಿ ನೋಡುತ್ತಿದ್ದೆವು.

ಮಾದೇವಿಗೂ ನನಗೂ ಐದು ವರ್ಷ ವ್ಯತ್ಯಾಸ. ಸ್ಕೂಲಿಗೆ ಹೊರಡುವಾಗ ನನಗೆ ಎರಡು ಜಡೆ ಹಾಕುತ್ತಿದ್ದವಳು ಅವಳೇ, ಅಮ್ಮನ ಜಡೆ ಹನ್ನೊಂದು ಗಂಟೆಗೇ ಬಿಚ್ಚಿಹೋಗೋದು. ಕಾಕಾ ಅವಳನ್ನು ಲಿಂಗರಾಜಪುರದಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದ, ತಮ್ಮ ಕಡೆಯ ಹುಡುಗನಿಗೇ ಕೊಟ್ಟರು. ಮದುವೆಯಾದ ನಾಲ್ಕನೇ ತಿಂಗಳು ಅವಳು ಒಂದು ಶುಕ್ರವಾರ ಒಬ್ಬಳೇ ವಠಾರಕ್ಕೆ ಬಂದಳು. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು.

"ಸ್ವಲ್ಪ ದಿನ ಇಲ್ಲೇ ಇರ್ಲಿ ಬಿಡಿ ಕಾಕಾ" ಅಂದಳು ಅಮ್ಮ. ಕಾಕಾ ಮಾರನೇ ದಿನ ಕ್ಯಾಸೆಟ್ ಅಂಗಡಿಯಲ್ಲಿ ಎಂದಿಗಿಂತ ಜಾಸ್ತಿ ಹೊತ್ತು ನಿಂತು, ಒಂದು ಕಪ್ಪುಬಿಳುಪು ಪಿಕ್ಚರ್ ಆರಿಸಿ ತಂದರು. ಭಾನುವಾರ ಮಾದೇವಿಯನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಕುಡುಕ ಗಂಡ, ಏಟು, ಹಸಿವು, ಎಲ್ಲವನ್ನೂ ನುಂಗಿಕೊಂಡ ಹೆಂಡತಿ, ಕೊನೆಗೆ ಅವಳ ಕಾಲ ಮೇಲೆ ಬಿದ್ದು ಗೊಳೋ ಅಂತ ಅಳುವ ಗಂಡ. ಸೆಲ್ವಿ ಅಕ್ಕ ಮೂಗು ಒರೆಸಿಕೊಂಡಳು. ನಾನು ಚಪ್ಪಾಳೆ ಹೊಡೆದೆ. ಹೌದು, ಹೊಡೆದೆ, ಹದಿಮೂರು ವರ್ಷದ ಪೆದ್ದಿ.

"ನೋಡಿದೇನವ್ವಾ? ತಾಳಿಕೊಂಡಾಕಿ ಮುಂದ ಅವ ಸೋತ" ಅಂದರು ಕಾಕಾ ಮಗಳಿಗೆ. ಮಾದೇವಿ ತಲೆ ಆಡಿಸಿದಳು. ಆಮೇಲೆ ನನ್ನ ಕಿವಿಯಲ್ಲಿ, "ಅವ ಮೂರು ತಾಸಿನಾಗ ಸುಧಾರಿಸಿದ. ನಮ್ಮವಗ ಎಷ್ಟು ಬೇಕೋ ಏನೋ" ಅಂದು ನಕ್ಕಳು. ನಕ್ಕರೆ ಕೆನ್ನೆ ನೋಯುತ್ತೆ ಅಂತ ಕೈ ಅಡ್ಡ ಹಿಡಿದುಕೊಂಡಳು.

ಸೋಮವಾರ ಕಾಕಾ ಕೆಲಸಕ್ಕೆ ರಜೆ ಹಾಕಿ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದರು. ಎರಡು ತಿಂಗಳು ಬಿಟ್ಟು ಮತ್ತೆ ಬಂದಳು. ಮತ್ತೊಂದು ಹಳೇ ಪಿಕ್ಚರ್ ಬಂತು, ಮತ್ತೆ ಸೋಮವಾರದ ಬಸ್ಸು. ಮೂರನೇ ಸಲ ಅವಳು ಬರಲಿಲ್ಲ, ಸುದ್ದಿ ಬಂತು.

ಮಹಡಿ ಮೆಟ್ಟಿಲಿಂದ ಜಾರಿ ಬಿದ್ದಳು ಅಂದರು. ಪೊಲೀಸರೂ ಕಾಗದದಲ್ಲಿ ಹಾಗೇ ಬರೆದುಕೊಂಡರು. ಅವಳ ಮೈ ತೊಳೆದ ಅಮ್ಮ ಮನೆಗೆ ಬಂದು, "ಮೆಟ್ಟಿಲಿಗೆ ಐದು ಬೆರಳಿರ್ತವಾ?" ಅಂತ ಒಂದೇ ಮಾತು ಕೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಅಲ್ಲೇ ಹೆಣದ ಪಕ್ಕದಲ್ಲಿ ನಿಂತಿದ್ದನಂತೆ. ಯಾರ ಕಾಲಿಗೂ ಬೀಳಲಿಲ್ಲ.

ಆಮೇಲೆ ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಪಿಕ್ಚರ್ ಹಾಕಲಿಲ್ಲ. ಕಾಕಾ ಕೆಲಸಕ್ಕೆ ಹೋಗೋರು, ಬರೋರು, ರೂಮಿನ ಬಾಗಿಲು ಮುಂದೆ ಮಾಡಿಕೊಳ್ಳೋರು. ನನಗೆ ಅವರನ್ನು ಕಂಡರೆ ಸಿಟ್ಟು ಬರೋದು, ಪಾಪ ಅಂತಲೂ ಅನ್ನಿಸೋದು. ಕೊನೆಗೊಂದು ಭಾನುವಾರ ಸೆಲ್ವಿ ಅಕ್ಕನೇ ಕ್ಯಾಸೆಟ್ ತಂದಳು. "ಹಳೇದೇ ತಂದಿದೀನಿ ಕಾಕಾ, ಬನ್ನಿ, ಒಬ್ರೇ ಎಷ್ಟು ದಿನ ಕೂತಿರ್ತೀರಾ" ಅಂತ ಎಳೆದುಕೊಂಡು ಬಂದಳು. ಅವಳಿಗೆ ಒಳ್ಳೇ ಮನಸ್ಸೇ. ಕಾಕಾ ಹೊಸ್ತಿಲ ಹತ್ತಿರ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಡು ಬಂತು. ಹೀರೋ ಹೀರೋಯಿನ್ ತಬ್ಬಿಕೊಂಡರು. ಕಾಕಾ ಏಳಲಿಲ್ಲ. ಅರ್ಧ ಗಂಟೆ ಬಿಟ್ಟು ಪಿಕ್ಚರಿನ ಗಂಡ ಬಾಗಿಲು ದೂಡಿಕೊಂಡು ಒಳಗೆ ಬಂದ, ಹೆಂಡತಿ ಗೋಡೆ ಕಡೆ ಸರಿದಳು. ಕಾಕಾ ನಮ್ಮನ್ನೆಲ್ಲ ತುಳಿದುಕೊಂಡೇ ಎದ್ದು ಬಂದರು. ಅವನು ಕೈ ಎತ್ತುವಷ್ಟರಲ್ಲಿ ಟವಲು ಟಿವಿ ಮೇಲಿತ್ತು. ಏಟಿನ ಸದ್ದು ಕೇಳಿಸಿತು, ಅವಳು ಕಿರುಚಿದ್ದು ಕೇಳಿಸಿತು. ಟವಲು ಜಾರದ ಹಾಗೆ ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಿದ್ದರು.

"ಸಣ್ಣ ಹುಡುಗರು ಕುಂತಾರ್ರಿ" ಅಂದರು. ಯಾರೂ ಕಿಚಾಯಿಸಲಿಲ್ಲ. ಸೀನು ಮುಗಿದರೂ ಅವರು ಕೈ ತೆಗೆಯಲಿಲ್ಲ. ಅಮ್ಮ ಎದ್ದು ಸ್ವಿಚ್ ಆರಿಸಿದಳು.

ಮುಂದಿನ ತಿಂಗಳು ಅವರು ರೂಮು ಖಾಲಿ ಮಾಡಿ ಊರಿಗೆ ಹೊರಟರು. ನಮ್ಮ ಮನೆಯಲ್ಲೇ ಉಳಿದಿದ್ದ ಟವಲನ್ನು ಅಮ್ಮ ಒಗೆದು ಮಡಿಸಿ ನನ್ನ ಕೈಲಿ ಕಳಿಸಿದಳು. ಕಾಕಾ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಕೊಟ್ಟು ಬರಬೇಕಿತ್ತು ನಾನು. ಬರಲಿಲ್ಲ.

"ಅಷ್ಟು ಪಿಕ್ಚರ್ ನೋಡಿದೀರಲ್ಲ ಕಾಕಾ, ಹೊಡೆಯೋದನ್ನ ಯಾಕೆ ಆಗ ಒಂದು ದಿನಾನೂ ಮುಚ್ಚಲಿಲ್ಲ?" ಅಂದೆ. ಸಿಟ್ಟಿನಲ್ಲೇ ಅಂದೆ.

ಅವರು ಹಗ್ಗ ಬಿಟ್ಟು ನೆಲದ ಮೇಲೆ ಕೂತರು. ಟವಲು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

"ಅದು ಮುಚ್ಚೋ ಅಂಥಾದ್ದು ಅಂತ ನನಗ ಗೊತ್ತೇ ಆಗಲಿಲ್ಲವ್ವಾ."